ಗಾಳಿಸುರಂಗದಲ್ಲಿ ಹಸಿರು ಪೊಟ್ಟಣ

ತನ್ನನ್ನು ಕಂಡರೆ ಅವನು ಬಾಗಿಲು ಹಾಕಿಕೊಳ್ಳುವುದೇಕೆ ಎಂಬುದು ಪೇಯ್‌ಲಿನ್‌ಗೆ ಬಗೆಹರಿಯಲೇ ಇಲ್ಲ. ಕ್ಯಾಂಟೀನಿನಲ್ಲಿ ತನ್ನ ಸಾರಿನ ಮೀನುಂಡೆಗಳನ್ನೆಲ್ಲ ಅವಳ ಬಟ್ಟಲಿಗೆ ದಾಟಿಸುವ ಜುಂಗ್‌ಹಾನ್, ಗಾಳಿಸುರಂಗದ ಹತ್ತಿರ ಬಂದ ಕೂಡಲೇ ಬೇರೆಯದೇ ಮನುಷ್ಯನಾಗಿಬಿಡುತ್ತಿದ್ದ.

"ಒಳಗೆ ಬರ್ಬೇಡ ಮಾರಾಯ್ತಿ, ಮಾಡೆಲ್ ಅಲ್ಲಾಡಿಬಿಡತ್ತೆ."

"ನಾನೇನು ಟೈಫೂನಾ?"

"ಅದಕ್ಕಿಂತ ಜೋರು," ಎಂದವನ ಕಿವಿ ಕೆಂಪೇರಿತು. ಬಾಗಿಲು ಮಾತ್ರ ಮುಚ್ಚಿಕೊಂಡಿತು.

ಇದು ಸಲಿಗೆಯೋ, ಅಸಡ್ಡೆಯೋ? ಅವಳಿಗೆ ತಲೆ ಕೆಟ್ಟುಹೋಯಿತು.

ತಮ್‌ಸುಯಿಯ ಹೊಳೆದಂಡೆಯಲ್ಲಿ ಏಳಲಿದ್ದ ಆಸ್ಪತ್ರೆಯ ಮುಂಭಾಗಕ್ಕೆ ಬಿಸಿಲು ತಡೆಯುವ ಬಲೆಬಟ್ಟೆಯ ಪರದೆ ಬರಬೇಕಿತ್ತು. ಉಕ್ಕಿನ ಹಗ್ಗಗಳ ನಡುವೆ ಬಿಗಿದ ಆ ಬಟ್ಟೆ ಟೈಫೂನ್ ಗಾಳಿಗೆ ಎಷ್ಟು ಉಬ್ಬುತ್ತದೆ, ಹೇಗೆ ನಡುಗುತ್ತದೆ ಎಂಬ ಗಣಿತ ಪೇಯ್‌ಲಿನ್‌ಳದು. ಅದರ ಪುಟ್ಟ ಮಾಡೆಲನ್ನು ಸುರಂಗದಲ್ಲಿ ನಿಲ್ಲಿಸಿ, ಗಾಳಿ ಬಿಟ್ಟು ಅಳೆಯುವುದು ಜುಂಗ್‌ಹಾನ್‌ನ ಕೆಲಸ. ಅವಳ ಲೆಕ್ಕದ ಪ್ರಕಾರ ಪರದೆ ಒಮ್ಮೆ ಉಬ್ಬಿ ತೆಪ್ಪಗಾಗಬೇಕು. ಸುರಂಗದಲ್ಲಿ ಅದು ಮೈಮೇಲೆ ದೇವರು ಬಂದ ಹಾಗೆ ಕುಣಿಯುತ್ತಿತ್ತು.

ಇವತ್ತು ಸಂಜೆಯೊಳಗೆ ಲೆಕ್ಕವೂ ಅಳತೆಯೂ ಹೊಂದದಿದ್ದರೆ ಬಟ್ಟೆಯ ಸಹವಾಸವೇ ಬೇಡ, ತಗಡು ಹಾಕಿಸೋಣ ಎಂದು ಲ್ಯಾಬಿನ ಹಿರಿಯರಾದ ಲ್ಯೂ ಮೇಷ್ಟ್ರು ಹೇಳಿಯಾಗಿತ್ತು. ತಗಡು ಬಂದರೆ ಅವಳಿಗಿಲ್ಲಿ ಕೆಲಸವಿಲ್ಲ, ತನ್ನ ಊರು ತೈಚುಂಗ್‌ಗೆ ವಾಪಸ್. ಲೆಕ್ಕ ಹಾಳಾಗಿ ಹೋಗಲಿ, ಆ ಮೀನುಂಡೆಗಳನ್ನು ಬಿಟ್ಟು ಹೋಗುವುದು ಹೇಗೆ? ಅದನ್ನು ಬಾಗಿಲು ಹಾಕಿಕೊಳ್ಳುವವನ ಹತ್ತಿರ ಹೇಳುವುದಾದರೂ ಹೇಗೆ?

"ಹಗ್ಗ ಇನ್ನೊಂಚೂರು ಬಿಗಿ ಮಾಡು," ಎಂದಳು ಬಾಗಿಲಾಚೆಯಿಂದ.

ಬಿಗಿ ಮಾಡಿ ಹೊರಬಂದು ಫ್ಯಾನ್ ಹಾಕಿದ. ಪರದೆ ಮತ್ತೆ ಕುಣಿಯಿತು, ಅದೇ ತಾಳದಲ್ಲಿ.

ಅವಳು ಕಂಪ್ಯೂಟರಿನ ಗೆರೆಗಳನ್ನೇ ನೋಡುತ್ತ ಕೂತಳು. ವೀಣೆಯ ತಂತಿ ಬಿಗಿದರೆ ಸ್ವರ ಏರುವ ಹಾಗೆ, ಹಗ್ಗ ಬಿಗಿದರೆ ಕುಣಿತದ ವೇಗವೂ ಏರಬೇಕು. ಏರಲಿಲ್ಲ. ಅಂದರೆ ಈ ತಾಳ ಪರದೆಯದಲ್ಲ, ಗಾಳಿಯೇ ಎಲ್ಲಿಂದಲೋ ಹೊತ್ತು ತರುತ್ತಿದೆ.

"ಫ್ಯಾನ್ ನಿಲ್ಸು. ಬಾಗಿಲು ತೆಗಿ."

ಅವನ ಮುಖ ಬಿಳಿಚಿಕೊಂಡಿತು. "ಯಾಕೆ?"

"ಪರದೆ ಮುಂದೆ ಏನೋ ಇದೆ."

"ಮರದ ತುಂಡುಗಳಿವೆ, ಅಷ್ಟೇ."

"ತೆಗೀತೀಯೋ, ಒದೀಲೋ?"

ಒಳಗೆ, ಊರಿನ ಮನೆಮಠಗಳ ಬದಲಿಗೆ ಸಾಲಾಗಿ ಅಂಟಿಸಿದ್ದ ಮರದ ತುಂಡುಗಳ ನಡುವೆ ಹಸಿರು ಪೊಟ್ಟಣವೊಂದು ಕೂತಿತ್ತು. ಜೋಳದ ಕುರುಕಲು! ಯಂತ್ರ ಹಟ ಮಾಡದೆ ಜಾಣಮರಿಯಂತಿರಲಿ ಎಂಬ ನಂಬಿಕೆಯಿಂದ ಲ್ಯಾಬಿನ ಪ್ರತಿ ಮೆಷಿನ್ ಮೇಲೂ ಅಂಥದ್ದೊಂದು ಇರುತ್ತದೆ. ಅದು ಹಸಿರೇ ಆಗಬೇಕು, ತಾರೀಕು ಮುಗಿದಿರಬಾರದು. ಮೇಷ್ಟ್ರೇ ಖುದ್ದಾಗಿ ನೋಡುತ್ತಾರೆ. ಇಲ್ಲಿ ಟೇಪು ಬಿಚ್ಚಿಕೊಂಡು, ಗಾಳಿ ಬಂದಾಗಲೆಲ್ಲ ಪೊಟ್ಟಣ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದು ಕದಡಿದ ಗಾಳಿಯ ತಾಳಕ್ಕೇ ಹಿಂದಿನ ಪರದೆಯೂ ಕುಣಿದಿತ್ತು.

"ಅಯ್ಯೋ ಬುದ್ಧಿಗೇಡಿ! ಮೆಷಿನ್ ಮೇಲಿಡೋದನ್ನ ಯಾರಾದ್ರೂ ಹೊಟ್ಟೆ ಒಳಗೆ ಇಡ್ತಾರಾ?"

"ಪರದೆಗೆ ಹತ್ರ ಇದ್ರೆ ಚೆನ್ನಾಗಿ ಮಾತು ಕೇಳತ್ತೆ ಅಂತ... ಅಷ್ಟೊಂದು ತುಂಡಿನ ಮಧ್ಯೆ ಇದೊಂದು ಏನು ಮಾಡತ್ತೆ ಅಂದ್ಕೊಂಡೆ."

"ಯಾವಾಗಿಂದ?"

"ಟೆಸ್ಟ್ ಶುರುವಾದ ಮೊದಲ್ನೇ ದಿನದಿಂದ."

"ನನ್ನ ಲೆಕ್ಕಾನೇ ತಪ್ಪು ಅಂತ ಅಳ್ತಾ ಕೂತಿದ್ದೆ ಕಣೋ!"

"ನಿನ್ನ ಲೆಕ್ಕ ಸರಿ ಬರ್ಲಿ ಅಂತಾನೇ ಇಟ್ಟಿದ್ದು." ಅವನು ತಲೆ ತಗ್ಗಿಸಿದ. "ಸರಿ ಬಂದ್ರೆ ನೀನು ಹೋಗಲ್ವಲ್ಲ. ನೀನು ಹೋದ್ರೆ ನಂಗೆ ಇಲ್ಲಿ ಇರಕ್ಕಾಗಲ್ಲ, ಪೇಯ್‌ಲಿನ್."

ಬೈಯಬೇಕೋ ತಬ್ಬಿಕೊಳ್ಳಬೇಕೋ ಅವಳಿಗೆ ತೋಚಲಿಲ್ಲ. ಅವಸರವಸರವಾಗಿ ಪೊಟ್ಟಣ ಕಿತ್ತು, "ಗಾಳಿ ಬಿಡು," ಎಂದಳು.

ಪರದೆ ಒಮ್ಮೆ ಉಬ್ಬಿತು. ಒಂದೆರಡು ಸಲ ತುಯ್ದಾಡಿ, ಅವಳ ಲೆಕ್ಕ ಹೇಳಿದಂತೆಯೇ ತೆಪ್ಪಗಾಯಿತು. ಬಾಗಿಲಲ್ಲಿ ಇಣುಕಿದ ಲ್ಯೂ ಮೇಷ್ಟ್ರು ಗೆರೆಗಳನ್ನು ನೋಡಿ, "ಬಟ್ಟೆನೇ ಇರ್ಲಿ ಬಿಡಿ," ಎಂದು ಹೊರಟುಹೋದರು.

ಪೇಯ್‌ಲಿನ್ ಪೊಟ್ಟಣದ ತುದಿ ಹರಿದಳು. ಜುಂಗ್‌ಹಾನ್ ಹೌಹಾರಿದ.

"ಏಯ್, ಮೆಷಿನ್‌ಗೆ ಇಟ್ಟಿದ್ದನ್ನ ತಿನ್ನಬಾರ್ದು!"

"ಮೆಷಿನ್‌ಗೆಲ್ಲಿ ಇಟ್ಟಿದ್ದೆ? ನಂಗೋಸ್ಕರ ತಾನೇ?" ಎಂದು ಒಂದನ್ನು ತಾನು ಕಚ್ಚಿ, ಇನ್ನೊಂದನ್ನು ಅವನ ಬಾಯಿಗಿಟ್ಟಳು.