ನಾಲ್ಕನೆಯ ಬ್ಯಾಚ್

ಮೂರನೆಯ ಬ್ಯಾಚನ್ನೂ ನಾನು ಫೇಲ್ ಮಾಡಿದ ದಿನ ಅವನು ನಮ್ಮಿಬ್ಬರ ಕೋಣೆಗಳ ನಡುವಿನ ಗಾಜಿನ ಕಿಂಡಿಯಾಚೆ ನಿಂತು ನನ್ನನ್ನು ದುರುಗುಟ್ಟಿ ನೋಡಿದ. ತಲೆಗೆ ಟೋಪಿ, ಮೂಗು ಬಾಯಿಗೆ ಮಾಸ್ಕ್. ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಆ ಕಣ್ಣುಗಳು ಚೆನ್ನಾಗಿವೆ ಎಂಬುದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು. ನಾನೂ ರೆಪ್ಪೆ ಮಿಟುಕಿಸಲಿಲ್ಲ. ಕೊನೆಗೆ ಅವನೇ ಟ್ರೇ ಎತ್ತಿಕೊಂಡು ಹೋದ.

ನಮ್ಮ ಫ್ಯಾಕ್ಟರಿಯಲ್ಲಿ ತಯಾರಾಗುವುದು ಹೃದಯಾಘಾತವನ್ನು ಪತ್ತೆಹಚ್ಚುವ ರಕ್ತಪರೀಕ್ಷೆಯ ಕಿಟ್. ಅದರ ಜೀವವೆಲ್ಲ ಅವನು ಮಾಡುವ ಕಣಗಳಲ್ಲಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಕಣಗಳು, ಒಳಗೆ ರುಥೇನಿಯಂ ಎಂಬ ಲೋಹದ ಕಿತ್ತಳೆ ಬಣ್ಣದ ಸಂಯುಕ್ತ. ವಿದ್ಯುತ್ ತಾಗಿಸಿದರೆ ಮಿನುಗುತ್ತವೆ. ಮಿನುಗು ಹೆಚ್ಚಿದಷ್ಟೂ ರೋಗಿಯ ಹೃದಯಕ್ಕೆ ಬಿದ್ದ ಪೆಟ್ಟು ದೊಡ್ಡದು. ಮಿನುಗುವ ಕಣ ಮಾಡುವವನೆಂದು ಎಲ್ಲರೂ ಅವನನ್ನು ಮಿಣುಕಪ್ಪ ಎನ್ನುತ್ತಿದ್ದರು. ಕಣಗಳನ್ನು ಕತ್ತಲೆ ಪೆಟ್ಟಿಗೆಯಲ್ಲಿಟ್ಟು ಬೆಳಕು ಅಳೆಯುವವಳು ನಾನು. ಹೋಲಿಕೆಗೆಂದೇ ಸ್ಪಿರಿಟ್‌ನಲ್ಲಿ ಕಲಸಿಟ್ಟ ಕಣಗಳ ಸ್ಟ್ಯಾಂಡರ್ಡ್ ಬಾಟಲಿಯ ಬೆಳಕನ್ನು ನೂರು ಎಂದಿಟ್ಟುಕೊಂಡರೆ ಅವನದು ತೊಂಬತ್ತೈದಾದರೂ ಬರಬೇಕು. ಬರುತ್ತಿದ್ದದ್ದು ಎಂಬತ್ತು.

ಪೆಟ್ಟಿಗೆಯೊಳಗೆ ವಿದ್ಯುತ್ ತಾಗಿಸುವ ಎಲೆಕ್ಟ್ರೋಡ್ ಸರಿಯಾಗಿ ಉಜ್ಜಿದ್ದೀರಾ ಎಂದು ಅವನು ಕೇಳುವುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಹೇಳುವುದು. ನಿಮ್ಮ ನಾಲಿಗೆಯನ್ನೇ ಪೆಟ್ಟಿಗೆಯಲ್ಲಿಟ್ಟರೆ ನೂರೈವತ್ತು ಬರುತ್ತದೆ ಎಂದು ಮತ್ತೆ ಅವನು. ಎಣ್ಣೆ ಸೀಗೆಕಾಯಿ ಎಂದರೆ ನಾವಿಬ್ಬರೇ.

ಮನೆಯಲ್ಲಿ ಊಟಕ್ಕೆ ಕೂತರೂ ನನಗೆ ಅವನದೇ ಪಾರಾಯಣ. ಒಮ್ಮೆ ಅತ್ತಿಗೆ ಅನ್ನ ಬಡಿಸುತ್ತಲೇ ನಕ್ಕರು.

"ಬೇಡದವರನ್ನ ಎರಡು ಮಾತಲ್ಲಿ ಬೈದು ಮುಗಿಸ್ತಾರೆ ಕಣೇ. ನಿಂದು ಊಟ ಮುಗಿದ್ರೂ ಮುಗಿಯಲ್ಲ."

ಎರಡು ದಿನ ಅತ್ತಿಗೆಯ ಜೊತೆಗೂ ಮಾತು ಬಿಟ್ಟೆ.

ನಾಲ್ಕನೆಯ ಬ್ಯಾಚ್ ಬಂದ ಬೆಳಿಗ್ಗೆ ಮ್ಯಾನೇಜರ್ ನನ್ನನ್ನು ಕರೆಸಿದರು. ಇದೂ ಫೇಲಾದರೆ ಅವನ ವಿಭಾಗ ಮುಚ್ಚಿ, ಕಣಗಳನ್ನು ಹೊರಗಿನಿಂದ ತರಿಸಿ, ಅವನನ್ನು ಬೇರೆ ಊರಿನ ಘಟಕಕ್ಕೆ ಕಳಿಸುತ್ತಾರಂತೆ. ಪೀಡೆ ತೊಲಗಿತು ಎಂದುಕೊಂಡೆ. ಆಮೇಲೆ ತರಿಸಿಕೊಂಡ ಕಾಫಿಯನ್ನು ಕುಡಿಯದೆ ಸಿಂಕಿಗೆ ಸುರಿದೆ.

ಅಳೆದೆ. ಎಂಬತ್ತೊಂದು.

ಪ್ರತಿ ಬ್ಯಾಚಿನಿಂದಲೂ ಸ್ವಲ್ಪ ಎತ್ತಿಡುವುದು ನಮ್ಮಲ್ಲಿ ಪದ್ಧತಿ. ಕಳೆದ ವರ್ಷ ನೂರಕ್ಕೆ ನೂರು ಬಂದಿದ್ದ ಅವನ ಹಳೆಯ ಮಾದರಿಯನ್ನು ಫ್ರಿಜ್‌ನಿಂದ ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಆಗ ಹೇಗಿದ್ದಿರಿ, ಈಗ ಹೇಗಾಗಿದ್ದೀರಿ ನೋಡಿ ಎಂದು ಅವನ ಮುಖಕ್ಕೆ ಹೊಡೆದ ಹಾಗೆ ಹೇಳಬೇಕಿತ್ತು ನನಗೆ. ಹಳೆಯದು ಎಂಬತ್ತೆರಡು ತೋರಿಸಿತು. ಪಾಸಾಗಿದ್ದ ಇನ್ನೂ ಮೂರು ಹಳೆಯ ಮಾದರಿಗಳನ್ನು ಅಳೆದೆ. ಎಲ್ಲವೂ ಎಂಬತ್ತರ ಆಸುಪಾಸು.

ಇಷ್ಟೂ ಮಾದರಿ ಒಂದೇ ಅಳತೆಗೆ ಕೆಟ್ಟಿರಲಾರವು; ಕೆಟ್ಟದ್ದು ನನ್ನ ನೂರೇ ಇರಬೇಕು. ಸ್ಟ್ಯಾಂಡರ್ಡ್ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದೆ. ಮುಚ್ಚಿದ್ದರೂ ಸ್ಪಿರಿಟ್ ವಾಸನೆ ಬರುತ್ತಿತ್ತು. ಮುಚ್ಚಳದೊಳಗಿನ ರಬ್ಬರ್ ಬಿರುಕು ಬಿಟ್ಟಿತ್ತು. ತಿಂಗಳುಗಟ್ಟಲೆ ಸ್ಪಿರಿಟ್ ಆವಿಯಾಗಿ, ಕಣಗಳು ಒಳಗೇ ಉಳಿದು, ದ್ರವ ಗಟ್ಟಿಯಾಗಿತ್ತು. ಗಟ್ಟಿಯಾದಷ್ಟೂ ಬೆಳಕು ಜಾಸ್ತಿ. ಆ ಜಾಸ್ತಿ ಬೆಳಕನ್ನೇ ನೂರು ಎಂದಿಟ್ಟುಕೊಂಡು ನಾನು ಅವನನ್ನು ಅಳೆಯುತ್ತಿದ್ದೆ. ದ್ರವ ಇಳಿದಿದೆಯೇ ಎಂದು ವಾರಕ್ಕೊಮ್ಮೆ ಆ ಬಾಟಲಿಯನ್ನು ತೂಗಿ ನೋಡುವುದು ನನ್ನ ಕೆಲಸ. ನಾನು ತೂಗದೆ ಸಹಿ ಹಾಕುತ್ತಿದ್ದೆ.

ಸದ್ದಿಲ್ಲದೆ ಹೊಸ ಬಾಟಲಿ ತೆಗೆದು ನಾಲ್ಕನೆಯದನ್ನು ಪಾಸ್ ಮಾಡಬಹುದಿತ್ತು. ಅವನೂ ಉಳಿಯುತ್ತಿದ್ದ, ನನ್ನ ಹೆಸರೂ ಉಳಿಯುತ್ತಿತ್ತು. ಮೂರು ಬ್ಯಾಚಿನ ಕಳಂಕ ಮಾತ್ರ ಅವನ ತಲೆಗೇ. ಆ ಆಸೆಯನ್ನು ಹಿಡಿದುಕೊಂಡು ಹತ್ತು ನಿಮಿಷ ಕೂತಿದ್ದೆ. ಆಮೇಲೆ ಬಾಟಲಿ ಎತ್ತಿಕೊಂಡು ಮ್ಯಾನೇಜರ್ ಕೋಣೆಗೆ ಹೋದೆ. ಅವನನ್ನೂ ಕರೆಸಿ ಎಂದೆ.

ಮ್ಯಾನೇಜರ್ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವಾರ ನಾನು ಬೆಳಕು ಅಳೆಯುವ ಮೀಟರ್ ಮುಟ್ಟುವ ಹಾಗಿಲ್ಲ ಎಂದಾಯಿತು. ಹೊರಗೆ ಬಂದ ಮೇಲೆ ಅವನು ಮಾಸ್ಕ್ ಕಿತ್ತು ಜೇಬಿಗೆ ತುರುಕಿದ.

"ಮೂರು ಸಲ ವಿಧಾನ ಬದಲಾಯಿಸ್ದೆ. ನನ್ನ ಕೈಯೇ ಕೆಟ್ಟಿದೆ ಅಂದ್ಕೊಂಡೆ. ಯಾಕೆ ಗೊತ್ತಾ?"

ಗೊತ್ತಿಲ್ಲವೆಂದು ತಲೆಯಾಡಿಸಿದೆ.

"ನಿಮ್ಮ ಜೊತೆ ಜಗಳ ಆಡ್ತಿದ್ದೆ, ನಿಜ. ಆದ್ರೆ ನೀವು ಬರೆದ ನಂಬರ್ ಮೇಲೆ ಒಂದು ದಿನಾನೂ ಅನುಮಾನ ಪಡ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ಅಳು ಬಂತು; ಇವನ ಮುಂದೆ ಅಳಬೇಕಾಯಿತಲ್ಲ ಎಂದು ಸಿಟ್ಟೂ ಬಂತು. ಅವನು, ವರ್ಗಕ್ಕೆ ನಾನೇ ಅರ್ಜಿ ಕೊಡುತ್ತೇನೆ, ಇನ್ನು ದಿನವೂ ನಿಮ್ಮ ಮುಖ ನೋಡಿಕೊಂಡು ಕೆಲಸ ಮಾಡಲಾರೆ ಎಂದ. ಧಾರಾಳವಾಗಿ ಹೋಗಿ ಎನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ.

"ಹೋಗ್ಬೇಡಿ. ನೀವಂದ್ರೆ ನಂಗಿಷ್ಟ. ಇದನ್ನ ಇವತ್ತು ಹೇಳೋಕೆ ನಂಗೆ ಮುಖ ಇಲ್ಲ, ಆದ್ರೂ ಹೇಳ್ತಿದೀನಿ."

ಅವನ ಕಿವಿ ಕೆಂಪಾದವು. ಗೋಡೆಯ ಕಡೆ ತಿರುಗಿಕೊಂಡೇ ಮಾತಾಡಿದ.

"ನಂಗೆ ಕೋಪ ಇಳಿದಿಲ್ಲ. ನಾಳೆನೂ ಇಳಿಯಲ್ಲ. ಈ ತಿಂಗಳು ಪೂರ್ತಿ ಇಳಿಯಲ್ಲ."

"ಸರಿ."

"ಅಲ್ಲೀವರೆಗೆ ನನ್ನ ಮಾತಾಡಿಸ್ಬೇಡಿ." ಎರಡು ಹೆಜ್ಜೆ ಹೋಗಿ ನಿಂತ. "ಊಟಕ್ಕೆ ಮಾತ್ರ ನನ್ನ ಟೇಬಲ್ಲಿಗೇ ಬನ್ನಿ."

ಅಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನ ಎದುರು ಕೂತು, ಬಾಯಿಗೆ ಬೀಗ ಹಾಕಿಕೊಂಡು ಊಟ ಮಾಡಿದೆ. ಅವನು ಒಮ್ಮೆಯೂ ತಲೆಯೆತ್ತಲಿಲ್ಲ. ನನಗೆ ಬಿಕ್ಕಳಿಕೆ ಬಂದಾಗ ಮಾತ್ರ, ಮುಖ ಗಂಟಿಕ್ಕಿಕೊಂಡೇ, ನೀರಿನ ಜಗ್ಗನ್ನು ನನ್ನ ಕಡೆಗೆ ಸರಿಸಿದ.