ನಳದ ಪಾಳಿಯಲ್ಲಿ ಐದನೆಯವಳು

೨೦೦೩ರಲ್ಲಿ ಗೋಕುಲ ರಸ್ತೆಯ ನಮ್ಮ ಸಣ್ಣ ಕಚೇರಿ ಒಂದು ಕಂಪ್ಯೂಟರ್ ಗೇಮ್ ಮಾಡಿತು. ಓಣಿಯಲ್ಲಿ ಸೈಕಲ್ ಓಡಿಸುವ ಆಟ. ತಪ್ಪು ಹುಡುಕುವ ಕೆಲಸ ಯಶೋಧರಾಳದು, ಕೊನೆಯ ಸಹಿ ನನ್ನದು.

"ಸರ್, ಆಟದಾಗಿನ ಓಣ್ಯಾಗ ನಾಕು ಮಂದಿ ನಳದಾಗ ನೀರು ತುಂಬ್ಕೊಂಡು ಹೋಗ್ತಾರ. ಐದನೇ ಹುಡುಗಿ ಪಾಳಿ ಬರೂದೇ ಇಲ್ರಿ," ಎಂದಳು.

ಸಿ.ಡಿ. ಮರುದಿನ ಅಂಗಡಿಗೆ ಹೋಗಬೇಕಿತ್ತು. ತಿದ್ದಲು ಸಮಯವಿಲ್ಲದ ತಪ್ಪಿನ ಮುಂದೆ ನಾವು ಬರೆಯುವ ಮಾತೊಂದಿತ್ತು: 'ಬೇಕೆಂದೇ ಹೀಗೆ ಇಟ್ಟಿದೆ.' ಅವಳ ತಪ್ಪುಗಳ ಹಾಳೆಯಲ್ಲಿ ಅದನ್ನೇ ಬರೆದು ಸಹಿ ಹಾಕಿದೆ.

"ಊರಾಗ ನಮ್ಮವ್ವಗೂ ಪಾಳಿ ಬರ್ತಿರ್ಲಿಲ್ರಿ. ಅದೂ ಬೇಕಂತನ ಇಟ್ಟದ್ದು," ಎಂದು ಯಶೋಧರಾ ಹಾಳೆ ತೆಗೆದುಕೊಂಡಳು.

ಆಡಿದವರ ಫೋನ್ ಶುರುವಾದವು. ಕೆಲವರು ಆ ಹುಡುಗಿಗೆ ಸೈಕಲ್ ಗುದ್ದಿಸಿ ನಗುತ್ತಿದ್ದರು. ಉಳಿದವರು ಬರಿಗೊಡದ ಸದ್ದು ಕೇಳುತ್ತದೆ ಎಂದರು. ಅಂಥ ಸದ್ದನ್ನು ನಾವು ಹಾಕಿರಲಿಲ್ಲ. ಚಿತ್ರ ಬರೆದ ಮುತ್ತು ತನ್ನ ಫೈಲು ತೆರೆದು ತೋರಿಸಿದ. "ನಾ ಬರದದ್ದು ನಾಕ ಮಂದೀನ್ರಿ."

ಅವಳಿಗೆ ನೀರು ಸಿಗುವಂತೆ ಮಾಡುವುದು ಬಿಟ್ಟು ನಾನು ನಳವನ್ನೇ ಅಳಿಸಿಹಾಕಿಸಿದೆ. ಹೇಳಲು ನಾಚಿಕೆಯಾಗುತ್ತದೆ, ಅದೇ ಸುಲಭವಿತ್ತು.

ಹೊಸ ಸಿ.ಡಿ. ಅಂಗಡಿಗೆ ಹೋದ ವಾರ ನವನಗರದಿಂದ ಒಬ್ಬ ಟೀಚರಮ್ಮ ಫೋನ್ ಮಾಡಿದರು.

"ನಳ ಎಲ್ಲೂ ಕಾಣಂಗಿಲ್ರಿ. ಆದ್ರ ಆಕಿ ಅಲ್ಲೇ ನಿಂತಾಳ. ಈಗ ಆಕಿ ಹಿಂದ ಇನ್ನೂ ಮೂರು ಮಂದಿ ಕೊಡ ಹಿಡ್ಕೊಂಡು ಬಂದು ನಿಂತಾರ."