ಉಸಿರು ಒಳಗೆಳೆದು ಆಡುವ ಮಾತು

ಕಾಡಿನ ಜನರ ಕುರಿತ ನಾಟಕವೊಂದಕ್ಕಾಗಿ ನಾನೇ ಒಂದು ಭಾಷೆ ಕಟ್ಟಿ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅದರಲ್ಲಿ ಕ್ರಿಯಾಪದ ಮೊದಲು ಬರುತ್ತದೆ. ಕೊನೆಯ ಅಕ್ಷರವನ್ನು ಉಸಿರು ಒಳಗೆಳೆದುಕೊಂಡು ನುಡಿಯಬೇಕು. ನಟರಿಗೆ ಇನ್ನೂ ಒಂದು ಪದವನ್ನೂ ಕಲಿಸಿರಲಿಲ್ಲ.

ನನಗೂ ಒಂದು ಸಣ್ಣ ಪಾತ್ರವಿತ್ತು. ಅಂದು ಮಧ್ಯಾಹ್ನ ವೇಷದ ಕೋಣೆಯಲ್ಲಿ ನಾನು ಮತ್ತು ಬಟ್ಟೆ ಹೊಲಿಯುವ ಅಕ್ಕ ಇಬ್ಬರೇ. ಅವರು ನನ್ನ ಬೆನ್ನ ಹಿಂದೆ ನಿಂತು ಅಂಗಿಯ ಅಳತೆ ಸರಿಮಾಡುತ್ತಿದ್ದರು. ಬೇಸರ ಕಳೆಯಲು ನಾನು, "ಇಲ್ಲಿ ಎಷ್ಟು ಜನರಿದ್ದೇವೆ?" ಎಂಬುದನ್ನು ಆ ಭಾಷೆಯಲ್ಲಿ ಹೇಳಿ ನೋಡಿದೆ.

"ಇದ್ದೇವೆ ಮೂವರು," ಎಂದು ಹಿಂದಿನಿಂದ ಅದೇ ಭಾಷೆಯಲ್ಲಿ ಉತ್ತರ ಬಂತು. ಕೊನೆಯ ಅಕ್ಷರಕ್ಕೆ ನನ್ನ ಕತ್ತಿನ ಕೂದಲನ್ನು ಯಾರೋ ಬಾಯಿಂದ ಹೀರಿದಂತಾಯಿತು.

ನನಗೆ ಸಿಟ್ಟೇ ಬಂತು. "ಅಕ್ಕಾ, ನನ್ನ ನೋಟ್‌ಬುಕ್ ಕದ್ದು ಓದಿದ್ರಾ?" ಎಂದು ತಿರುಗಿದೆ.

ಅಕ್ಕ ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ಅಂಗೈಗೆ ತೆಗೆದರು.

"ಬಾಯ್ತುಂಬ ಪಿನ್ನಿಟ್ಕೊಂಡು ನಾನೆಲ್ಲಿ ಮಾತಾಡ್ಲಪ್ಪಾ? ನೀನು ಯಾರ ಹತ್ರ ಮಾತಾಡ್ತಿದೀಯ ಅಂತ ನಾನೇ ಕೇಳ್ಬೇಕು ಅಂತಿದ್ದೆ."

ಅನುಮಾನ ಹೋಗದೆ, ಮನೆಗೆ ಬಂದವನೇ ನೋಟ್‌ಬುಕ್ಕಿನ ಪುಟಗಳನ್ನೆಲ್ಲ ತಿರುವಿದೆ. ಆ ಭಾಷೆಗೆ ನಾನಿನ್ನೂ ಒಂದು, ಎರಡು, ಮೂರು ಎಂಬ ಪದಗಳನ್ನೇ ಕಟ್ಟಿರಲಿಲ್ಲ. ಆದರೂ 'ಮೂವರು' ಎಂದದ್ದು ನನಗೆ ಕೇಳಿದ ತಕ್ಷಣ ಅರ್ಥವಾಗಿತ್ತು.